ರಾಯಚೂರಿನಿಂದ ಲಂಡನ್ನಿಗೆ: ವಿಮಾನದ ದೂರ ಮತ್ತು ಪಯಣದ ಸಮಯವನ್ನು ಲೆಕ್ಕ ಹಾಕುವುದು ಹೇಗೆ?

ರಾಯಚೂರಿನವರಿಗೆ ಹತ್ತಿರದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹೈದರಾಬಾದಿನ ಶಂಷಾಬಾದಿನಲ್ಲಿರುವುದರಿಂದ ಲೆಕ್ಕವನ್ನು ಅಲ್ಲಿಂದಲೇ ಆರಂಭಿಸಬೇಕು. ಗೋಡೆಯ ನಕ್ಷೆಯ ಮೇಲೆ ಅಳತೆಪಟ್ಟಿ ಇಟ್ಟು ದೂರ ಅಳೆಯಬೇಡಿ. ಗುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದಾಗ ದೂರಗಳು ಹಿಗ್ಗುತ್ತವೆ. ಅದರ ಬದಲು ಭೂಗೋಲದ ಮೇಲೆ ಎರಡೂ ನಗರಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಮೂವತ್ತು ಸೆಂಟಿಮೀಟರ್ ವ್ಯಾಸದ ಗೋಲದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 425 ಕಿ.ಮೀ.; ದಾರ ಹದಿನೆಂಟು ಸೆಂಟಿಮೀಟರಿಗಿಂತ ತುಸು ಹೆಚ್ಚು ಬರುತ್ತದೆ, ಅಂದರೆ ಸುಮಾರು 7,750 ಕಿ.ಮೀ. ಶಾಲೆಯ ಮಕ್ಕಳಿಂದ ಇದನ್ನು ಮಾಡಿಸಿದರೆ ಭೂಗೋಳದ ಪಾಠ ಅವರಿಗೆ ಕೈಗೇ ಸಿಗುತ್ತದೆ.

ದೊಡ್ಡ ವಿಮಾನಗಳು ಗಂಟೆಗೆ ಸುಮಾರು 850ರಿಂದ 900 ಕಿ.ಮೀ. ವೇಗದಲ್ಲಿ ಹಾರುತ್ತವೆ. ಭಾಗಿಸಿದರೆ ಒಂಬತ್ತು ಗಂಟೆ ಬರುತ್ತದೆಯಾದರೂ, ಏರಿಳಿಯುವ ಸಮಯ, ಮಾರ್ಗದ ಬಳಸು ಮತ್ತು ಪಶ್ಚಿಮದಿಂದ ಎದುರಾಗುವ ಮೇಲ್ಗಾಳಿ ಸೇರಿ ಅದು ಹತ್ತು ಗಂಟೆಯನ್ನು ದಾಟುತ್ತದೆ. ಮರಳುವಾಗ ಅದೇ ಗಾಳಿ ಹಿಂದಿನಿಂದ ತಳ್ಳುವುದರಿಂದ ಸಮಯ ಉಳಿಯುತ್ತದೆ.

ಹೆಚ್ಚಿನವರು ತಪ್ಪುವುದು ಗಡಿಯಾರದ ಲೆಕ್ಕದಲ್ಲಿ. ಟಿಕೆಟ್ಟಿನಲ್ಲಿರುವುದು ಆಯಾ ಊರಿನ ಸ್ಥಳೀಯ ಸಮಯ. ಬೆಳಿಗ್ಗೆ 7ಕ್ಕೆ ಹೊರಟು ಮಧ್ಯಾಹ್ನ 12ಕ್ಕೆ ತಲುಪುವುದೆಂದಿದ್ದರೆ ಪಯಣ ಐದು ಗಂಟೆಯದಲ್ಲ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ಗಂಟೆ ಹಿಂದಿರುವುದರಿಂದ ಅದು ಹತ್ತೂವರೆ ಗಂಟೆಯ ಪಯಣ. ಬೇಸಿಗೆಯಲ್ಲಿ ಈ ಅಂತರ ನಾಲ್ಕೂವರೆ ಗಂಟೆ.

ಇದಕ್ಕೆ ರಾಯಚೂರಿನಿಂದ ಸುಮಾರು 200 ಕಿ.ಮೀ. ರಸ್ತೆಗೆ ನಾಲ್ಕು ಗಂಟೆ, ತಪಾಸಣೆಗೆ ಮೂರು ಗಂಟೆ ಸೇರಿಸಿ, ಮನೆ ಬಿಡುವ ಹೊತ್ತನ್ನು ಹಿಂದಕ್ಕೆ ಎಣಿಸಿ ಗೊತ್ತುಮಾಡಿಕೊಳ್ಳಿ.