ತುಂಗಭದ್ರೆಯ ನೀರೊಳಗೊಂದು ಕಿವಿ
ಹೈಡ್ರೋಫೋನ್, ಅಂದರೆ ನೀರೊಳಗಿನ ಸದ್ದು ಹಿಡಿಯುವ ಮೈಕ್ ಅಂದ ತಕ್ಷಣ ಸಬ್‌ಮೆರೀನ್, ನೇವಿ ನೆನಪಾಗುತ್ತೆ ಅಲ್ವಾ? ಅಷ್ಟು ದೂರ ಹೋಗಬೇಕಿಲ್ಲ. ನಾನು ಗಂಗಾವತಿಯಲ್ಲಿ ಮೋಟಾರ್, ಆಂಪ್ಲಿಫೈಯರ್ ರಿಪೇರಿ ಮಾಡುವವನು. ಬಜರ್‌ನೊಳಗೆ ಇರುವ 27 ಮಿ.ಮೀ. ಪೀಜೋ ಡಿಸ್ಕ್‌ನಿಂದ (ಅದುರಿದರೆ ವಿದ್ಯುತ್ ಹುಟ್ಟಿಸುವ ಬಿಲ್ಲೆ) ನಾನೇ ಒಂದು ಮಾಡಿಕೊಂಡು, ಆನೆಗೊಂದಿ ಹತ್ತಿರ ಹೊಳೆಗೆ ಇಳಿಸಿ ಕೇಳುತ್ತೇನೆ.

ಡಿಸ್ಕ್ ಅಗ್ಗ, ಅದರ ಬಗ್ಗೆ ಹೇಳೋದು ಕಡಿಮೆ. ಜೀವ ಇರೋದು ಅದರ ಸಣ್ಣ ಸಿಗ್ನಲ್‌ಗೆ ಬಲ ಕೊಡುವ ಪ್ರೀಆಂಪ್‌ನಲ್ಲಿ. ಇಂಥ ಡಿಸ್ಕ್‌ನ ಕೆಪಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಶಕ್ತಿ) ಸುಮಾರು 20 ನ್ಯಾನೋಫ್ಯಾರಡ್. ಇದನ್ನು ನೇರ 2 ಕಿಲೋ ಓಮ್‌ನ ಮೈಕ್ ಸಾಕೆಟ್‌ಗೆ ಚುಚ್ಚಿದರೆ 4 ಕಿಲೋಹರ್ಟ್ಜ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ, ಅಂದರೆ ಪಂಪಿನ ಗುಂಯ್‌ಗುಡುವಿಕೆ, ಬೋಟಿನ ಎಂಜಿನ್ ಎರಡೂ ಹೋದಂತೆಯೇ. ಹಾಗಾಗಿ ಡಿಸ್ಕ್‌ನ ಪಕ್ಕದಲ್ಲೇ ಜೆಫೆಟ್ ಅನ್ನೋ ಒಂದು ಟ್ರಾನ್ಸಿಸ್ಟರ್ ಇಟ್ಟು, ಇನ್‌ಪುಟ್‌ಗೆ 1 ಮೆಗಾ ಓಮ್ ಕೊಟ್ಟೆ. ಆಗ ಕೇಳುವ ಮಿತಿ 8 ಹರ್ಟ್ಜ್‌ವರೆಗೂ ಇಳಿಯುತ್ತದೆ. ವೈರ್ ಶೀಲ್ಡ್ ಇರುವುದೇ ಬೇಕು, ಇಲ್ಲದಿದ್ದರೆ ಕರೆಂಟಿನ 50 ಹರ್ಟ್ಜ್ ಗುಂಯ್ ಅನ್ನೋದೇ ಜಾಸ್ತಿ ಕೇಳುತ್ತೆ. ನೀರು ತಾಗದಂತೆ ಮೇಲೆ ಎಪಾಕ್ಸಿ ಅಂಟು ಹಾಕುವಾಗ ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳಬಾರದು, ಸದ್ದು ಅಲ್ಲೇ ತಡೆಯುತ್ತದೆ. ವಿನೆಗರ್ ವಾಸನೆಯ ಸಿಲಿಕೋನ್ ಮಾತ್ರ ಬೇಡ, ತಾಮ್ರವನ್ನು ತಿನ್ನುತ್ತದೆ.

ನೀರಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,480 ಮೀಟರ್ ಓಡುತ್ತದೆ, ಗಾಳಿಯಲ್ಲಿ 340ರ ಆಸುಪಾಸು. ಹೊಳೆ ಜೋರಾಗಿ ಹರಿಯುವಾಗ ತಳದ ಕಲ್ಲುಗಳು ಒಂದಕ್ಕೊಂದು ತಾಗಿ ಬಾಣಲೆಯಲ್ಲಿ ಮಂಡಕ್ಕಿ ಹುರಿದ ಹಾಗೆ ಕೇಳಿಸುತ್ತವೆ. ನನಗೆ ಇದಕ್ಕಿಂತ ಇಷ್ಟವಾದ ಸದ್ದು ಇನ್ನೊಂದಿಲ್ಲ. ತಳದಲ್ಲಿ ಎಷ್ಟು ಜಲ್ಲಿ, ಕಲ್ಲು ಸಾಗುತ್ತಿದೆ ಅಂತ ಅಂದಾಜು ಮಾಡಲು ಸಂಶೋಧಕರು ಇದೇ ಸದ್ದನ್ನು ಅಳೆಯುತ್ತಾರೆ. ಆದರೆ ನಯವಾದ ಹೂಳು ಹೀಗೆ ಸದ್ದು ಮಾಡೋದಿಲ್ಲ. ನಮ್ಮ ಡ್ಯಾಮಿನಲ್ಲಿ 133 ಟಿಎಂಸಿ ಇದ್ದ ಜಾಗ 105ರ ಆಸುಪಾಸಿಗೆ ಇಳಿದಿರುವುದು ಹೂಳಿನಿಂದಲೇ. ಅದನ್ನು ಅಳೆಯಲು ಈ ವಿಧಾನ ಸಾಲದು.

ಮುದ್ಲಾಪುರದಿಂದ ಕಂಪ್ಲಿವರೆಗಿನ ಹೊಳೆ 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಹೈಡ್ರೋಫೋನ್ ಕೇಳುತ್ತದೆ ಅಷ್ಟೇ, ತಾನಾಗಿ ಸದ್ದು ಬಿಡೋದಿಲ್ಲ. ಇಂಥ ಜಾಗಕ್ಕೆ ಅದೇ ಸರಿ. ಸದ್ದು ಬಿಟ್ಟು ಪ್ರತಿಧ್ವನಿ ಕೇಳುವ ಸೋನಾರ್ ಬೇರೆ. ಶತ್ರು ನೌಕೆಗೆ ತಾವು ಎಲ್ಲಿದ್ದೇವೆ ಅಂತ ಗೊತ್ತಾಗಬಾರದು ಅಂದಾಗ ನೌಕಾಪಡೆಯವರೂ ಸುಮ್ನೆ ಕೇಳುವುದನ್ನೇ ಬಳಸುತ್ತಾರೆ. ನಮ್ಮ ನೌಕಾಪಡೆಯ ಸೋನಾರ್‌ಗಳನ್ನು ಕೊಚ್ಚಿಯ ಎನ್‌ಪಿಒಎಲ್ ಅನ್ನೋ ಡಿಆರ್‌ಡಿಒ ಪ್ರಯೋಗಾಲಯ ರೂಪಿಸುತ್ತದೆ. ಅಣುಬಾಂಬ್ ಪರೀಕ್ಷೆ ಪತ್ತೆ ಹಚ್ಚುವ ಜಾಗತಿಕ ಜಾಲದಲ್ಲೂ ಸಮುದ್ರದ ಹೈಡ್ರೋಫೋನ್ ನಿಲ್ದಾಣಗಳಿವೆ. ಅವೇ ತಿಮಿಂಗಿಲಗಳ ಹಾಡನ್ನೂ ಹಿಡಿಯುತ್ತವೆ.

ನನ್ನ ಕಸುಬಿಗೆ ಸಿಕ್ಕ ಲಾಭ ಪಂಪಿನದು. ನೀರು ಸಾಲದೆ ಇಂಪೆಲ್ಲರ್ (ನೀರು ತಳ್ಳುವ ತಿರುಗುಚಕ್ರ) ಬಳಿ ಗುಳ್ಳೆ ಹುಟ್ಟಿ ಒಡೆಯುವಾಗ ಚಟಪಟ ಸದ್ದು ಬರುತ್ತದೆ, ಬೇರಿಂಗ್ ಹೋದರೆ ಒಂದೇ ಲಯದ ಗರಗರ. ಎರಡನ್ನೂ ಮೇಲಿನಿಂದ ಗುರುತಿಸೋದು ಕಷ್ಟ, ತೆರೆದ ಬಾವಿಯ ನೀರೊಳಗೆ ಪಂಪಿನ ಹತ್ತಿರ ಹೈಡ್ರೋಫೋನ್ ಇಟ್ಟರೆ ಸಲೀಸು.

ಮುಂದೆ ಎರಡು ಡಿಸ್ಕ್‌ಗಳನ್ನು ಒಂದು ಮೀಟರ್ ದೂರದಲ್ಲಿಟ್ಟು ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಅಂತ ಹಿಡಿಯಬೇಕು. ಸದ್ದು ಎರಡು ಡಿಸ್ಕ್‌ಗಳ ಸಾಲಿನ ನೇರಕ್ಕೆ ಬಂದರೆ ಅದು ಎರಡಕ್ಕೂ ತಲುಪುವ ಸಮಯದ ವ್ಯತ್ಯಾಸ ಸುಮಾರು 0.68 ಮಿಲಿಸೆಕೆಂಡ್, ಸಾಮಾನ್ಯ ಸ್ಟೀರಿಯೋ ರೆಕಾರ್ಡರ್‌ನಲ್ಲಿ ಸುಮಾರು 30 ಸ್ಯಾಂಪಲ್, ಅಂದರೆ ಅದು ಸದ್ದನ್ನು 30 ಸಲ ಅಳೆಯುವಷ್ಟು ಹೊತ್ತು. ಅದಕ್ಕೆ ಬೇರೆ ಯಂತ್ರ ಬೇಕಾಗಿಲ್ಲ.