ಮಾನಿಟರಿನ ಪರದೆಯಲ್ಲಿ ಉಳಿದುಹೋಗುವ ನೆರಳು: ಗುರುತಿಸುವ ಮತ್ತು ನಿವಾರಿಸುವ ಕ್ರಮ

ಮಡಿಕೇರಿಯ ಸಮೀಪದ ನಮ್ಮ ಹೋಂಸ್ಟೇಯಲ್ಲಿ ಸಿಸಿಟಿವಿಯ ನಾಲ್ಕು ಕ್ಯಾಮೆರಾಗಳ ದೃಶ್ಯವನ್ನು ಹಗಲಿರುಳೂ ತೋರಿಸುತ್ತಿದ್ದ ಎಲ್‌ಸಿಡಿ ಮಾನಿಟರನ್ನು ಮಳೆಗಾಲದಲ್ಲಿ ಕಾಫಿ ತೋಟದ ಲೆಕ್ಕ ಬರೆಯಲು ಬಳಸಿದಾಗ, ಎಕ್ಸೆಲ್ ಹಾಳೆಯ ಬಿಳುಪಿನ ಮೇಲೆ ಪರದೆಯನ್ನು ನಾಲ್ಕು ಭಾಗ ಮಾಡುವ ತೆಳುವಾದ ಬೂದು ಗೆರೆ ಕಾಣಿಸಿತು. ಮೇಲಿನ ಮೂಲೆಯಲ್ಲಿ ಇಸವಿಯ ಅಂಕಿಗಳನ್ನು ಓದಬಹುದಾಗಿತ್ತು. ಸದಾ ಬದಲಾಗುವ ಸೆಕೆಂಡಿನ ಜಾಗದಲ್ಲಿ ಮಾತ್ರ ಬರಿಯ ಮಬ್ಬು ಇತ್ತು. ಕದಲದೆ ನಿಂತ ಚಿತ್ರವೇ ಪರದೆಗೆ ಅಂಟಿಕೊಳ್ಳುತ್ತದೆ ಎಂಬುದು ಇದರಿಂದಲೇ ತಿಳಿಯುತ್ತದೆ.

ಇಂಥ ನೆರಳು ಕಂಡಾಗ ಮೊದಲು ಸ್ಕ್ರೀನ್‌ಶಾಟ್ ತೆಗೆದು ಅದನ್ನು ಮೊಬೈಲಿನಲ್ಲಿ ನೋಡಬೇಕು. ಅಲ್ಲಿಯೂ ನೆರಳಿದ್ದರೆ ದೋಷ ಕಂಪ್ಯೂಟರಿನದು. ಇಲ್ಲದಿದ್ದರೆ ಪರದೆಯದು ಎಂದು ತಿಳಿಯಬೇಕು. ಅನಂತರ ಮಾನಿಟರ್ ಎಲ್‌ಸಿಡಿಯೋ ಓಎಲ್‌ಇಡಿಯೋ ಎಂಬುದನ್ನು ಮಾದರಿಯ ಹೆಸರಿನಿಂದ ಖಚಿತಪಡಿಸಿಕೊಳ್ಳಬೇಕು, ಏಕೆಂದರೆ ಮುಂದಿನ ಉಪಚಾರವೆಲ್ಲ ಅದನ್ನೇ ಅವಲಂಬಿಸಿದೆ. ಕೇವಲ 'ಎಲ್‌ಇಡಿ' ಎಂದು ಬರೆದಿರುವ ಸಾಮಾನ್ಯ ಮಾನಿಟರುಗಳು ಎಲ್‌ಸಿಡಿಗಳೇ.

ಎಲ್‌ಸಿಡಿಯಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತಾಗ ದ್ರವಸ್ಫಟಿಕದೊಳಗಿನ ವಿದ್ಯುದಂಶವುಳ್ಳ ಕಶ್ಮಲಗಳು ಒಂದೆಡೆ ಸೇರಿ, ಸ್ಫಟಿಕದ ಕಣಗಳು ಮೊದಲಿನ ಸ್ಥಿತಿಗೆ ಪೂರ್ತಿ ಮರಳದಂತೆ ತಡೆಯುತ್ತವೆ. ಇದು ಹೆಚ್ಚಾಗಿ ತಾತ್ಕಾಲಿಕ. ಮಾನಿಟರನ್ನು ಕೆಲವು ಗಂಟೆ ಆರಿಸಿಡಿ. ನೆರಳು ಉಳಿದರೆ ಅಚ್ಚ ಬಿಳಿಯ ಚಿತ್ರವನ್ನೋ ಚಲಿಸುವ ದೃಶ್ಯವನ್ನೋ ಹಲವು ಗಂಟೆ ಓಡಿಸಿ. ನಮ್ಮ ಗೆರೆ ಎರಡು ರಾತ್ರಿಗಳಲ್ಲಿ ಹೋಯಿತು.

ಓಎಲ್‌ಇಡಿಯ ಸಂಗತಿ ಬೇರೆ. ಅಲ್ಲಿ ಪ್ರತಿ ಪಿಕ್ಸೆಲ್, ಎಂದರೆ ಚಿತ್ರವನ್ನು ರೂಪಿಸುವ ಪುಟ್ಟ ಚುಕ್ಕೆ, ತಾನೇ ಬೆಳಗುವುದರಿಂದ ಹೆಚ್ಚು ದುಡಿದ ಪಿಕ್ಸೆಲುಗಳು ಬೇಗ ಸವೆಯುತ್ತವೆ, ಮತ್ತು ಆ ಸವೆತ ಮರಳಿ ತುಂಬುವುದಿಲ್ಲ. ಆದ್ದರಿಂದ ಬೆಳಕನ್ನು ತಗ್ಗಿಸಿ, ಟಾಸ್ಕ್‌ಬಾರ್ ತಾನಾಗಿ ಮರೆಯಾಗುವಂತೆ ಮಾಡಿ, ಐದು ನಿಮಿಷದಲ್ಲಿ ಪರದೆ ಆರುವಂತೆ ಹೊಂದಿಸಿ.

ಕೊಡಗಿನವರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ಮಾತಿದೆ. ಸಿಡಿಲಿನ ಭಯದಿಂದ ಕೆಲಸ ಮುಗಿದೊಡನೆ ಗೋಡೆಯ ಸ್ವಿಚ್ಚನ್ನೇ ಆರಿಸುವುದು ನಮ್ಮೆಲ್ಲರ ರೂಢಿ. ಆದರೆ ಓಎಲ್‌ಇಡಿ ಮಾನಿಟರುಗಳು ಪಿಕ್ಸೆಲುಗಳ ಬೆಳಕನ್ನು ಸಮಗೊಳಿಸುವ ಕೆಲಸವನ್ನು ಸ್ಟ್ಯಾಂಡ್‌ಬೈನಲ್ಲಿರುವಾಗಲೇ, ಎಂದರೆ ಪರದೆ ಆರಿದ್ದರೂ ವಿದ್ಯುತ್ ಸಂಪರ್ಕ ಉಳಿದಿರುವಾಗಲೇ, ಮಾಡಿಕೊಳ್ಳುತ್ತವೆ. ಗುಡುಗಿಲ್ಲದ ದಿನ ಮಾನಿಟರಿನ ಬಟನ್ನಿನಿಂದ ಆರಿಸಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಗೋಡೆಯ ಸ್ವಿಚ್ಚನ್ನು ಆರಿಸಿ. ಗುಡುಗಿನ ಸೂಚನೆ ಕಂಡರೆ, ಅದು ಆರಂಭವಾಗುವ ಮೊದಲೇ ಪ್ಲಗ್ಗನ್ನೇ ಕೀಳಿರಿ. ಬಾಕಿಯುಳಿದ ಸಮಗೊಳಿಕೆ ಮುಂದಿನ ಸಲ ನಡೆಯುತ್ತದೆ.

ಸಿಸಿಟಿವಿಯ ಪರದೆಯನ್ನು ರಾತ್ರಿಯಿಡೀ ಉರಿಸುವ ಅಗತ್ಯವೂ ಇಲ್ಲ. ಕ್ಯಾಮೆರಾಗಳ ದೃಶ್ಯವನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಗೆ ವಿದ್ಯುತ್ ಇರುವಷ್ಟು ಕಾಲ, ಮಾನಿಟರ್ ಆರಿದ್ದರೂ ಅಂಗಳದ ದೃಶ್ಯ ದಾಖಲಾಗುತ್ತಲೇ ಇರುತ್ತದೆ.