ಮಕ್ಕಳಿಗೆ ಗುಹೆ ತೋರಿಸುವ ನನ್ನ ವಿಧಾನ: ದೀಪ ಸಣ್ಣದು, ನಡಿಗೆ ಕಡಿಮೆ

ಗುಹೆಯ ಬಾಯಿಂದ ಹದಿನೈದು-ಇಪ್ಪತ್ತು ಅಡಿ ಒಳಗೆ, ಇನ್ನೂ ಮಬ್ಬು ಬೆಳಕು ಇರುವ ಜಾಗದಲ್ಲೇ ಮಕ್ಕಳನ್ನು ಅರ್ಧ ಗಂಟೆ ಕೂರಿಸುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಎಂಟು ವರ್ಷದ ಮಗು ಅಷ್ಟು ಹೊತ್ತು ಒಂದೇ ಕಡೆ ಕೂರುತ್ತಾ ಅಂತ ಕೇಳಿದರು. ಕೂರುತ್ತದೆ. ಈಗ ಹೊತ್ತಾಯಿತು, ಏಳಿ ಅಂದರೂ ನನ್ನ ತಂಡದ ಮಕ್ಕಳು ಏಳುವುದಿಲ್ಲ.

ಮೊದಲೆಲ್ಲ ಎಲ್ಲರಂತೆ ನಾವೂ ನೇರವಾಗಿ ದೊಡ್ಡ ಕೋಣೆಗೆ ಕರೆದೊಯ್ಯುತ್ತಿದ್ದೆವು. ಸ್ಟ್ಯಾಲಕ್ಟೈಟ್, ಅಂದರೆ ಚಾವಣಿಯಿಂದ ಕೆಳಗೆ ಇಳಿಬಿದ್ದ ಸುಣ್ಣದ ಕಲ್ಲು, ತೋರಿಸಿ, ವಿವರಿಸಿ, ವಾಪಸ್. ಮಕ್ಕಳಿಂದ ಬರುತ್ತಿದ್ದ ಪ್ರಶ್ನೆ ಒಂದೇ: ಇನ್ನೆಷ್ಟು ದೂರ? ಆ ಕಾಲದಲ್ಲಿ ಕೂಡಿಟ್ಟ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಸಾವಿರ ಲ್ಯೂಮೆನ್ನಿನ (ಬೆಳಕಿನ ಅಳತೆ) ಹೆಡ್‌ಲ್ಯಾಂಪ್‌ಗಳಿಗೆ ಹೋಯಿತು. ಅವು ಬಂದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಒಬ್ಬರ ಕಣ್ಣಿಗೆ ಇನ್ನೊಬ್ಬರು ಬೆಳಕು ಹೊಡೆಯುವುದು, ಚಾವಣಿಗೆ ಬಿಡುವುದು, ಬಾವಲಿಗಳು ಎದ್ದು ಹಾರುವುದು. ಈಗ ಮಕ್ಕಳ ಹೆಲ್ಮೆಟ್ಟಿಗೆ ಮೂವತ್ತು-ನಲವತ್ತು ಲ್ಯೂಮೆನ್ನಿನ ಸಣ್ಣ ದೀಪ ಮಾತ್ರ. ದೊಡ್ಡ ದೀಪಗಳೂ ಹೆಚ್ಚುವರಿ ದೀಪಗಳೂ ದೊಡ್ಡವರ ಚೀಲದಲ್ಲಿ. ಬೆಳಕು ಕಡಿಮೆ ಇದ್ದರೆ ಮಗು ತಾನಾಗಿ ಬಗ್ಗಿ ಹತ್ತಿರದಿಂದ ನೋಡುತ್ತದೆ. ನನ್ನ ಇಡೀ ವಿಧಾನ ನಿಂತಿರುವುದು ಇದರ ಮೇಲೆ. ಹೆಲ್ಮೆಟ್ ವಿಷಯದಲ್ಲಿ ಮಾತ್ರ ಹಣ ಉಳಿಸಲು ಹೋಗಬೇಡಿ. ದೊಡ್ಡವರ ಹೆಲ್ಮೆಟ್ ಎಷ್ಟು ಬಿಗಿ ಮಾಡಿದರೂ ಕಣ್ಣಿನ ಮೇಲೆ ಜಾರುತ್ತದೆ.

ಕೂತ ಮೇಲೆ ಪ್ರತಿ ಮಗುವಿಗೂ ಒಂದು ದಾರದ ಬಳೆ ಕೊಡುತ್ತೇನೆ, ಸುಮಾರು ಒಂದು ಗೇಣು ಅಗಲದ್ದು. ನೆಲದ ಮೇಲೆ ಇಟ್ಟು ಅದರೊಳಗೆ ಏನೇನಿದೆ ನೋಡಬೇಕು. ಮುಟ್ಟುವಂತಿಲ್ಲ. ಒಮ್ಮೆ ಒಬ್ಬಳು ಹುಡುಗಿಯ ಬಳೆಯೊಳಗೆ ಪತಂಗದ ರೆಕ್ಕೆಗಳು ಬಿದ್ದಿದ್ದವು. ಕಂದು ಬಣ್ಣ, ಅಂಚಿನಲ್ಲಿ ಪುಡಿ ಉದುರಿತ್ತು. ಒಂದಕ್ಕೂ ಮೈ ಇರಲಿಲ್ಲ. "ರೆಕ್ಕೆ ಮಾತ್ರ ಇದೆ, ಹುಳ ಎಲ್ಲಿ?" ಅಂದಳು. ನಾನು ಬಾಯಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ತಾನೇ ತಲೆ ಎತ್ತಿ ಚಾವಣಿ ನೋಡಿದಳು. ಬಾವಲಿ ಅಲ್ಲಿ ನೇತಾಡಿಕೊಂಡು ಮೈ ತಿಂದು ರೆಕ್ಕೆ ಉದುರಿಸುತ್ತದೆ ಅಂತ ಅವಳೇ ಕಂಡುಕೊಂಡಳು. ಪಕ್ಕದ ಹುಡುಗನ ಬಳೆಯಲ್ಲಿ ಹಿಕ್ಕೆ, ಹಿಕ್ಕೆಯಲ್ಲಿ ಪುಟ್ಟ ಹುಳುಗಳು, ಅವುಗಳ ಬೆನ್ನಿಗೆ ಒಂದು ಜೇಡ. ಬಿಸಿಲೇ ಬೀಳದ ಜಾಗಕ್ಕೆ ಊಟ ಹೊರಗಿನಿಂದ ಬರಬೇಕು ಅನ್ನುವುದನ್ನು ನಾನು ಹೇಳಿಕೊಡಬೇಕಾಗಲಿಲ್ಲ. (ಒಣಗಿ ಪುಡಿಯಾದ ಹಿಕ್ಕೆ ಇರುವ ಕಡೆ ಮಕ್ಕಳನ್ನು ಕೂರಿಸಬೇಡಿ. ಆ ಪುಡಿ ಉಸಿರಿನೊಳಗೆ ಹೋದರೆ ಶ್ವಾಸಕೋಶಕ್ಕೆ ಸೋಂಕು ತಗಲಬಹುದು.)

ಇಷ್ಟಾದ ಮೇಲೆ ಒಳಗೆ. ಮುಟ್ಟಬೇಡ ಅಂದರೆ ಯಾವ ಮಗುವೂ ಕೇಳುವುದಿಲ್ಲ, ಅಲ್ವಾ? ನಾನು ಹಾಗೆ ಹೇಳುವುದನ್ನೇ ಬಿಟ್ಟಿದ್ದೇನೆ. ತುದಿಯಲ್ಲಿ ಹನಿ ತೂಗುತ್ತಿರುವ, ಒಳಗೆ ಟೊಳ್ಳಾದ, ಸ್ಟ್ರಾದಂಥ ಎಳೆಯ ಸ್ಟ್ಯಾಲಕ್ಟೈಟ್ ಒಂದನ್ನು ಹುಡುಕುತ್ತೇನೆ. ಪ್ರತಿ ಹನಿಯೂ ಬೀಳುವ ಮುಂಚೆ ಸುಣ್ಣದ ತೆಳು ಉಂಗುರ ಬಿಟ್ಟು ಹೋಗುತ್ತದೆ ಅಂತ ತೋರಿಸುತ್ತೇನೆ. ಎಷ್ಟೋ ಕಡೆ ಇದು ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಬೆಳೆಯುತ್ತದೆ. ಹತ್ತು ವರ್ಷದವನಿಗೆ ಹೇಳುವುದು ಇಷ್ಟೇ: ನೀನು ಹುಟ್ಟಿದ ಮೇಲೆ ಇದು ಬೆಳೆದದ್ದು ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಕೈಗಳು ತಾನಾಗಿ ಜೇಬಿಗೆ ಹೋಗುತ್ತವೆ. ಆದಿಮಾನವರ ಚಿತ್ರಗಳಿರುವ ಫ್ರಾನ್ಸಿನ ಲಾಸ್ಕೋ ಗುಹೆಯ ಕಥೆಯನ್ನೂ ಇಲ್ಲೇ ಹೇಳುತ್ತೇನೆ. 1940ರಲ್ಲಿ ಅದನ್ನು ಕಂಡದ್ದು ಹದಿಹರೆಯದ ಹುಡುಗರು. ಜನರ ಉಸಿರಿನಿಂದಲೂ ಪಾಚಿಯಿಂದಲೂ ಚಿತ್ರಗಳು ಹಾಳಾಗತೊಡಗಿ 1963ರಲ್ಲಿ ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಬರೀ ಉಸಿರಿನಿಂದಲಾ ಅಂತ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ.

ಕೊನೆಗೆ ಪೂರ್ತಿ ಕತ್ತಲು, ಎರಡು ನಿಮಿಷ. ಅಳುತ್ತಾರೆ, ಕಿರುಚುತ್ತಾರೆ ಅಂತ ಎಚ್ಚರಿಸಿದವರೇ ಜಾಸ್ತಿ. ಮುಖದ ಮುಂದೆ ಕೈ ಆಡಿಸಿ ಅನ್ನುತ್ತೇನೆ. ಕೆಲವರು ಕೈ ಕಾಣುತ್ತಿದೆ ಅಂತ ಆಣೆ ಹಾಕುತ್ತಾರೆ. ಪಕ್ಕದವರ ಕೈ ಕಾಣುತ್ತಾ ಅಂದರೆ ಇಲ್ಲ. ವಾದ ಶುರುವಾಗುತ್ತದೆ, ಭಯ ಮರೆತುಹೋಗುತ್ತದೆ. ಯಾರ ದೀಪ ಮೊದಲು ಆರಬೇಕು, ಆರಿಸುವ ಮುಂಚೆ ನಾನು ಹೇಳುವ ಮಾತೇನು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕೂಡಿಸಲು ನನಗೆ ತುಂಬಾ ಸಮಯ ಹಿಡಿದಿದೆ, ನನ್ನ ಹತ್ತಿರವೇ ಇರಲಿ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಬಾವಲಿ ಇಲ್ಲದ ಕಡೆ, ಎಲ್ಲರೂ ಕಣ್ಣು ಮುಚ್ಚಿರುವಾಗ, ಬಿಳಿ ಕ್ಯಾಲ್ಸೈಟಿಗೆ (ಸ್ಟ್ಯಾಲಕ್ಟೈಟ್ ಆಗಿರುವ ಸುಣ್ಣದ ಖನಿಜ) ಹಳೇ ಕ್ಯಾಮೆರಾ ಫ್ಲ್ಯಾಶ್ ಹೊಡೆದು ತಕ್ಷಣ ಕಣ್ಣು ಬಿಟ್ಟರೆ ಕಲ್ಲು ಒಂದೆರಡು ಕ್ಷಣ ತಾನೇ ಹೊಳೆಯುತ್ತದೆ. ಫೋನಿನ ಫ್ಲ್ಯಾಶ್ ಸಾಲಲಿಲ್ಲ. ಮಣ್ಣು ಮೆತ್ತಿದ ಕಲ್ಲಿನಲ್ಲೂ ಏನೂ ಕಾಣಲಿಲ್ಲ. ವಾಷಿಂಗ್ ಸೋಡಾ ನೀರಿನ ಎರಡು ಲೋಟಗಳ ನಡುವೆ ದಾರ ಇಳಿಬಿಟ್ಟು ಮನೆಯಲ್ಲಿ ಸ್ಟ್ಯಾಲಕ್ಟೈಟ್ ಬೆಳೆಸುವುದು ಮಕ್ಕಳಿಗೆ ಇಷ್ಟ, ನನಗೆ ಅಷ್ಟಿಲ್ಲ. ಅಲ್ಲಿ ನೀರು ಆವಿಯಾಗುತ್ತದೆ. ಗುಹೆಯಲ್ಲಿ ನೀರಿನಿಂದ ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಬಿಟ್ಟು ಹೋಗುವುದರಿಂದ ಸುಣ್ಣ ಕೂರುತ್ತದೆ. ನಿಜಕ್ಕೂ ಹಣ ಹಾಕಬೇಕಾದದ್ದು ಬ್ಯಾಟ್ ಡಿಟೆಕ್ಟರಿಗೆ, ಅಂದರೆ ನಮ್ಮ ಕಿವಿಗೆ ಕೇಳದ ಬಾವಲಿಯ ಕೂಗನ್ನು ಕೇಳುವಂತೆ ಮಾಡುವ ಯಂತ್ರಕ್ಕೆ. ಮುಸ್ಸಂಜೆ ಗುಹೆಯ ಹೊರಗೆ ದೂರ ನಿಂತರೆ ಸಾಕು. ಹುಳ ಹತ್ತಿರವಾದಂತೆ ಟಕ್ ಟಕ್ ಸದ್ದು ಜೋರು ವೇಗ ಪಡೆದು ಒಂದೇ ಗೀರಾಗುತ್ತದೆ. "ಸಿಕ್ತು!" ಅಂತ ಮಕ್ಕಳು ಕೂಗುತ್ತಾರೆ. ಮರಿಗಳಿರುವ ಕಾಲದಲ್ಲಿ ನಾವು ಒಳಗೆ ಕಾಲಿಡುವುದೇ ಇಲ್ಲ. ಬಹಳಷ್ಟು ಬಾವಲಿಗಳು ವರ್ಷಕ್ಕೆ ಹೆರುವುದು ಒಂದೇ ಮರಿ. ಆಗ ಈ ಡಿಟೆಕ್ಟರೇ ನಮ್ಮ ಪಾಠ.

ಈಗ ಥರ್ಮಾಮೀಟರ್ ಕೆಲಸ ಹಿಡಿದಿದ್ದೇನೆ. ಗುಹೆಯ ಬಾಯಲ್ಲಿ ತಾಪಮಾನ ಹತ್ತು ಡಿಗ್ರಿಗೂ ಜಾಸ್ತಿ ಏರಿಳಿಯುತ್ತದೆ, ಆಳದಲ್ಲಿ ಒಂದು ಡಿಗ್ರಿ ಅಲುಗಿದರೆ ದೊಡ್ಡದು. ಆಳದ ಅಂಕಿ ಹೊರಗಿನ ಇಡೀ ವರ್ಷದ ಸರಾಸರಿಯ ಹತ್ತಿರ ಬರುತ್ತದೆ ಅನ್ನುವುದನ್ನು ಮಕ್ಕಳೇ ಲೆಕ್ಕ ಹಾಕಿ ನೋಡಲಿ ಅಂತ ಆಸೆ. ಮಳೆಗಾಲದಲ್ಲಿ ಒಳಗೆ ಹೋಗುವಂತಿಲ್ಲವಾದ್ದರಿಂದ ಆ ತಿಂಗಳುಗಳ ಸಾಲು ಖಾಲಿ ಇದೆ. ತಾನಾಗಿ ಬರೆದಿಡುವ ಲಾಗರ್ ಎರಡು ಬೇಕು. ಆ ಹಳೇ ಸಾವಿರ ಲ್ಯೂಮೆನ್ ದೀಪಗಳನ್ನು ಮಾರಿ ಒಂದಕ್ಕೆ ಹಣ ಹೊಂದಿಸಿದ್ದೇನೆ, ಇನ್ನೊಂದಕ್ಕೆ ಆಗಬೇಕು.